ಖಾಲಿ ಮನೆ ಹಿಡಿಯುವ ಆಟ

ಹೋದ ತಿಂಗಳು ಇಬ್ಬರು ಯುವತಿಯರು ಮನೆಗೆ ಬಂದಿದ್ದರು. ಇಬ್ಬರೂ ಸಂಗೀತದಲ್ಲಿ ಪದವಿ ಪಡೆದು, ಪುಣೆಯ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಈಗಷ್ಟೇ ಸೇರಿದವರು. ಸ್ವರ, ಸಪ್ತಕ, ಲಯ, ತಾಲ ಇವನ್ನೆಲ್ಲ ಐದಾರು ವರ್ಷದ ಮಕ್ಕಳಿಗೆ ಯಾವ ಕ್ರಮದಲ್ಲಿ ಹೇಳಿಕೊಡಬೇಕು ಎಂದು ಕೇಳಿದರು. ಕ್ರಮ ನನಗೂ ಸಿಕ್ಕಿಲ್ಲ, ಆಟ ಆಡಿಸಿ, ಮಕ್ಕಳು ಏನು ಮಾಡುತ್ತಾರೆ ನೋಡಿ ಎಂದೆ. ಚಹಾ ಕುಡಿದು ಹೊರಟಾಗ ಅವರ ಮುಖದಲ್ಲಿ ಸಮಾಧಾನ ಇರಲಿಲ್ಲ. ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಲಿಲ್ಲ ಎಂದು ನನಗೂ ಅನ್ನಿಸಿತು. ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪುಣೆಯ ಕ್ಯಾಂಪ್ ಬಡಾವಣೆಗೆ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ನಿವೃತ್ತಿಯವರೆಗೂ ನಾನು ಸಂಗೀತ ಶಿಕ್ಷಕಿ. ಅದಕ್ಕೂ ಮೊದಲು ಒಂದು ದಿನಪತ್ರಿಕೆಯಲ್ಲಿ ಕೆಲವು ವರ್ಷ ಕರಡು ತಿದ್ದಿದ್ದೆ. ಕಣ್ಣಾರೆ ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ವಾಕ್ಯದಲ್ಲಿ ಬೆರೆಸಬಾರದು ಎಂಬುದು ಅಲ್ಲಿನ ಕಟ್ಟುಪಾಡು. ಮಕ್ಕಳ ತರಗತಿಯಲ್ಲಿ ಈ ಅಭ್ಯಾಸ ನನ್ನ ರಾಗಜ್ಞಾನಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ನಮ್ಮ ಮಕ್ಕಳಲ್ಲಿ ಕೆಲವರು ಕರಾವಳಿಯಿಂದ ಬಂದು ಹೋಟೆಲು ನಡೆಸುವವರ ಮನೆಯವರು. ಹೆಚ್ಚಿನವರು ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಅವರ ಬಾಯಲ್ಲಿ ಶಿಕ್ಷಕಿ ಎಂದರೆ ಅಕ್ಕೋರು. ನಾನು ಹಾಡಿನ ಅಕ್ಕೋರು, ಮುಖ್ಯಾಧ್ಯಾಪಕಿ ನಾಡಗೇರ ಬಾಯಿ ದೊಡ್ಡಕ್ಕೋರು.

ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ನಿವೃತ್ತಳಾಗುವ ಹಿಂದಿನ ವರ್ಷ ಅಂಬಿಕಾ ಎಂಬ ಬಾಲವಾಡಿಯ ಹುಡುಗಿಗೆ ಒಂದನೆಯ ಇಯತ್ತೆಯಲ್ಲಿ, ಅಂದರೆ ಒಂದನೆಯ ತರಗತಿಯಲ್ಲಿ, ಜಾಗ ಸಿಗುತ್ತದೆಯೋ ಇಲ್ಲವೋ ಎಂಬುದು ನನ್ನ ತರಗತಿಯ ಒಂದು ಆಟದ ಮೇಲೆ ನಿಂತಿತ್ತು. ಅವಳ ಕಥೆಗೆ ಬರುವ ಮೊದಲು ನಮ್ಮ ಆಟಗಳು ಎಂಥವು ಎಂದು ತಿಳಿಸಬೇಕು.

ಶಾಲೆಯ ಮಹಡಿಗೆ ಹೋಗುವ ಮೆಟ್ಟಿಲುಗಳೇ ನಮ್ಮ ಸಪ್ತಕ. ಕೆಳಗಿನದು ಸಾ, ಆಮೇಲೆ ರೀ, ಗಾ, ಹೀಗೆ ಏರುತ್ತ ಹೋದರೆ ಎಂಟನೆಯದು ಮತ್ತೆ ಸಾ. ಒಂದೊಂದು ಮೆಟ್ಟಿಲಿಗೆ ಒಂದೊಂದು ಮಗು ನಿಲ್ಲುತ್ತಿತ್ತು. ನಾನು ಯಾವ ಸ್ವರ ಹಾಡಿದರೆ ಆ ಮೆಟ್ಟಿಲಿನ ಮಗು ಕೂತು ಏಳಬೇಕು. ಒಂದು ದಿನ ಒಬ್ಬಳು, ಕೆಳಗೂ ಸಾ, ಮೇಲೂ ಸಾ, ಹೆಸರುಗಳು ಮುಗಿದುಹೋದವೇ ಎಂದು ಕೇಳಿದಳು. ತಾರ ಸಪ್ತಕವೆಂದರೇನು ಎಂದು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಮೇಲಿನ ಸಾ ಮೇಲೆ ನಿಂತಿದ್ದ ಶರಣಪ್ಪನೇ ಉತ್ತರ ಕೊಟ್ಟ.

“ನಮ್ಮ ಮುತ್ಯಾನ ಹೆಸರೂ ಶರಣಪ್ಪ, ನನ್ನ ಹೆಸರೂ ಶರಣಪ್ಪ. ಹಂಗ ಅದು. ಮುತ್ಯಾಂದು ದಪ್ಪ ದನಿ, ನಂದು ಸಣ್ಣ ದನಿ. ಇಬ್ರೂ ಒಂದ ಮನಿಯವ್ರು.”

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಯ ಹುಡುಗನಿಗೆ ಅದು ಕಲಿಯಬೇಕಾದ ವಿಷಯವೇ ಆಗಿರಲಿಲ್ಲ. ಎರಡು ಸ್ವರಗಳ ಹೆಸರು ಒಂದೇ ಯಾಕೆ, ದನಿಯ ಎತ್ತರ ಬೇರೆ ಯಾಕೆ, ಆದರೂ ಎರಡೂ ಒಂದರೊಳಗೊಂದು ಕರಗುವುದು ಯಾಕೆ ಎಂಬ ಮೂರನ್ನೂ ಅವನು ಹೇಳಿ ಮುಗಿಸಿದ್ದ. ನಾನು ಓದಿದ ಯಾವ ಪಠ್ಯದಲ್ಲೂ ಇಷ್ಟು ಸ್ಪಷ್ಟವಾದ ವಿವರಣೆ ಇರಲಿಲ್ಲ.

ಅದೇ ಮೆಟ್ಟಿಲಿನ ಆಟದಲ್ಲಿ ಒಂದು ತಪ್ಪೂ ಇತ್ತು. ಮೆಟ್ಟಿಲುಗಳ ಎತ್ತರ ಸಮ, ಸ್ವರಗಳ ನಡುವಿನ ಅಂತರ ಸಮವಲ್ಲ. ಗಾ ಮತ್ತು ಮಾ ನಡುವೆ ಇರುವುದು ಅರ್ಧ ಹೆಜ್ಜೆ. ಚಿಕ್ಕ ಮಕ್ಕಳಿಗೆ ಇದು ಬೇಡ ಎಂದು ಶಿಕ್ಷಕರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹೋಟೆಲಿನವರ ಮನೆಯ ಪುಟ್ಟ ಹುಡುಗಿಯೊಬ್ಬಳು ಗಾ ಹಾಡಿ ಮಾಗೆ ಕಾಲೆತ್ತಿದವಳು ಅರ್ಧಕ್ಕೇ ನಿಂತಳು. “ಟೀಚರ್, ಇಲ್ಲಿ ಹತ್ತುದಲ್ಲ. ಇಲ್ಲಿ ಸ್ವಲ್ಪ ಜರುಗಿದ್ರೆ ಸಾಕು,” ಎಂದಳು. ಮರುದಿನ ಕಟ್ಟಡದ ಕೆಲಸದವರಿಂದ ಒಂದು ಇಟ್ಟಿಗೆ ತರಿಸಿ ಗಾ ಮೆಟ್ಟಿಲಿನ ಮೇಲಿಟ್ಟೆವು. ಅದು ಮಾ ಆಯಿತು. ಮೇಲೆ ನೀ ಮತ್ತು ಸಾ ನಡುವೆಯೂ ಇಟ್ಟಿಗೆ ಬೇಕು ಎಂದು ಅದೇ ಹುಡುಗಿ ಹಾಡಿ ನೋಡಿ ಹೇಳಿದಳು. ಅದೂ ಸರಿಯಾಗಿತ್ತು.

ಹಾರ್ಮೋನಿಯಂದು ಬೇರೆ ಕಥೆ. ನನಗಿಂತ ಹಿಂದಿನ ಶಿಕ್ಷಕರು ಮಕ್ಕಳಿಗೆ ಸುಲಭವಾಗಲಿ ಎಂದು ಅದರ ಬಿಳಿ ಪಟ್ಟಿಗಳ ಮೇಲೆ ಉಗುರುಬಣ್ಣದಲ್ಲಿ ಸಾ ರೀ ಗಾ ಬರೆದಿಟ್ಟಿದ್ದರು. ಹೀಗೆ ಬರೆದ ಪೆಟ್ಟಿಗೆಗಳು ಪುಣೆಯಲ್ಲಿ ಇನ್ನೂ ಬೇಕಾದಷ್ಟಿವೆ. ಬರೆದ ಪಟ್ಟಿ ಬಿಟ್ಟು ಬೇರೆ ಕಡೆಯಿಂದ ಸಾ ಹಿಡಿದರೆ ಮಕ್ಕಳು ಇದು ಸಾ ಅಲ್ಲವೇ ಅಲ್ಲ ಎಂದು ವಾದಿಸುತ್ತಿದ್ದರು. ಬಣ್ಣ ಕೆರೆದು ತೆಗೆದೆ. ಸಾ ದಿನಕ್ಕೊಬ್ಬರ ಮನೆಗೆ ನೆಂಟರಾಗಿ ಹೋಗುತ್ತದೆ ಎಂದು ಆಟ ಕಟ್ಟಿದೆ. ಬೆಳಗ್ಗೆ ಬಂದ ಮಕ್ಕಳು ನಮಸ್ಕಾರಕ್ಕಿಂತ ಮುಂಚೆ, ಅಕ್ಕೋರ, ಇವತ್ತ ಸಾ ಯಾರ ಮನ್ಯಾಗ ಅದ ಎಂದು ಕೇಳುತ್ತಿದ್ದರು. ನೆಂಟರು ಯಾವ ಮನೆಗೆ ಹೋದರೂ ಅವರ ಹಿಂದೆ ಇಡೀ ಸಂಸಾರ ಹೊರಡಬೇಕು ಎಂಬುದು ಅವರಿಗೆ ತಾವಾಗಿಯೇ ಹೊಳೆಯಿತು.

ಸಾಧನಗಳೂ ಬದಲಾದವು. ಮೊದಲು ತಂಬೂರಿ ಶ್ರುತಿ ಮಾಡುವುದಕ್ಕೇ ತರಗತಿಯ ಕಾಲುಭಾಗ ಹೋಗುತ್ತಿತ್ತು. ಆಮೇಲೆ ವಿದ್ಯುತ್ ತಂಬೂರಿ ಬಂತು. ಈಗ ಮೊಬೈಲಿನಲ್ಲೇ ಇದೆ. ಇದರಿಂದ ಸಂಗೀತ ಕೆಟ್ಟಿತು ಎನ್ನುವವರ ಜೊತೆ ನಾನು ಇಲ್ಲ. ಕೊನೆಯ ಕೆಲವು ವರ್ಷ ಶನಿವಾರದಂದು ಮಗರಪಟ್ಟಾದ ಒಂದು ಫ್ಲ್ಯಾಟಿನಲ್ಲಿ ಐಟಿ ಕೆಲಸದವರ ಮಕ್ಕಳಿಗೆ ಕಲಿಸುತ್ತಿದ್ದೆ. ಬೆಂಗಳೂರಿನಿಂದ ಬಂದ ತಾಯಿಯೊಬ್ಬರು ಬಾಗಿಲಲ್ಲಿ ನಿಲ್ಲಿಸಿ, “ಮ್ಯಾಮ್, ಗೇಮ್ಸ್ ಎಲ್ಲಾ ಓಕೆ. ಆದ್ರೆ ಥಿಯರಿ ಯಾವಾಗ ಸ್ಟಾರ್ಟ್ ಮಾಡ್ತೀರಾ?” ಎಂದು ಕೇಳಿದರು. ನನ್ನ ಮೊಬೈಲಿನ ತಂಬೂರಿ ಇನ್ನೂ ನುಡಿಯುತ್ತಿತ್ತು. ಅವರ ಐದು ವರ್ಷದ ಮಗ ಚಪ್ಪಲಿ ಹಾಕಿಕೊಳ್ಳುತ್ತ, “ಅಮ್ಮ, ನಮ್ ಲಿಫ್ಟು ಪ ಹಾಡ್ತಿದೆ,” ಎಂದ. ಲಿಫ್ಟಿನ ಮೋಟಾರಿನ ಗುಂಯ್‌ಗುಡುವಿಕೆಯನ್ನು ನಾನು ಗಮನಿಸಿಯೇ ಇರಲಿಲ್ಲ. ನಿಂತು ಕೇಳಿದೆ. ತಂಬೂರಿಯ ಸಾಗೆ ಅದು ಕರಾರುವಾಕ್ಕಾಗಿ ಪಂಚಮ. ಆ ತಾಯಿ ಮತ್ತೆ ಥಿಯರಿ ವಿಷಯ ಎತ್ತಲಿಲ್ಲ.

ಇನ್ನು ಅಂಬಿಕಾ.

ಅವಳ ತಾಯಿ ಮರೆಮ್ಮ ಘೋರ್ಪಡಿ ಕಡೆಯ ಒಂದು ಕಟ್ಟಡದಲ್ಲಿ ಸಿಮೆಂಟು, ಇಟ್ಟಿಗೆ ಹೊರುವ ಕೆಲಸ ಮಾಡುತ್ತಿದ್ದಳು. ಗಂಡ ಅಲ್ಲೇ ಸೆಂಟ್ರಿಂಗ್ ಕೆಲಸ. ವಾಸ ಪತ್ರಾ ಶೆಡ್ಡಿನಲ್ಲಿ, ಗೋಡೆಯೂ ಮಾಡೂ ತಗಡಿನದೇ. ಅಂಬಿಕಾ ಬಾಲವಾಡಿಯಲ್ಲಿ ಇಡೀ ವರ್ಷ ಒಂದು ಮಾತೂ ಆಡಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಅಕ್ಷರ ಹೇಳು ಎಂದರೆ ಮುಖ ನೋಡುತ್ತಿದ್ದಳು. ಬಾಲವಾಡಿಯ ಶಿಕ್ಷಕಿ ಮೊಂಡು ಹುಡುಗಿ ಎಂದರು. ಸೈಟಿನಿಂದ ಸೈಟಿಗೆ ಅಲೆದ ಮಗು, ಸುತ್ತ ಮರಾಠಿ, ಹಿಂದಿ, ತೆಲುಗು ಎಲ್ಲ ಕೇಳಿ ಗಾಬರಿಯಾಗಿದೆ ಎಂಬುದು ಉಳಿದವರ ಅಭಿಪ್ರಾಯ. ಕಿವಿ ಸರಿಯಿದೆಯೇ ಎಂದು ನಾಡಗೇರ ಬಾಯಿ ಮರೆಮ್ಮನನ್ನೇ ಕೇಳಿದ್ದರು. ಶೆಡ್ಡಿನ ಪತ್ರಾ ಬಡಿದರೆ ಒಳಗೆ ಎಲ್ಲಿ ಕೂತಿದ್ದರೂ ತಿರುಗಿ ನೋಡುತ್ತಾಳೆ, ಕಿವಿ ಚೆನ್ನಾಗಿವೆ ಎಂದು ಅವಳು ಹೇಳಿದ್ದಳು. ಆ ಮಾತು ಸುಳ್ಳಾಗಿರಲಿಲ್ಲ.

ನಾಡಗೇರ ಬಾಯಿಯವರಿಗೆ ಈ ಹುಡುಗಿಯನ್ನು ಒಂದನೆಯ ಇಯತ್ತೆಗೆ ಹಾಕಲು ಧೈರ್ಯವಿರಲಿಲ್ಲ. ಇನ್ನೊಂದು ವರ್ಷ ಬಾಲವಾಡಿಯಲ್ಲೇ ಇರಲಿ ಎಂದರು. ಮರೆಮ್ಮನಿಗೆ ಅದು ಸಾಧ್ಯವಿರಲಿಲ್ಲ. ಒಂದನೆಯ ಇಯತ್ತೆ ಸಂಜೆಯವರೆಗೆ ಇರುತ್ತದೆ, ಬಾಲವಾಡಿ ಮಧ್ಯಾಹ್ನಕ್ಕೆ ಬಿಡುತ್ತದೆ, ಮಗಳನ್ನು ಕರೆದೊಯ್ಯಲು ದಿನವೂ ಕೆಲಸ ನಿಲ್ಲಿಸಿ ಬರಬೇಕು. “ಮೇಸ್ತ್ರಿ ಬೈತಾನ್ರಿ. ಒಂದನೇದಕ್ಕ ಹಾಕಂಗಿಲ್ಲಂದ್ರ ಸಾಲಿ ಬಿಡಸ್ತೀನ್ರಿ. ಶೆಡ್ಡಿನ್ಯಾಗ ತಮ್ಮನ್ನ ಹಿಡ್ಕೊಂಡ ಕುಂದರತಾಳ,” ಎಂದಳು. ದೂರಿನ ದನಿಯೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

ನನ್ನ ತರಗತಿಯಲ್ಲಿ ಮಾತ್ರ ಅಂಬಿಕಾ ಬೇರೆಯೇ ಹುಡುಗಿ.

ಆಗ ಸಂಗೀತದ ತರಗತಿ ನಡೆಯುತ್ತಿದ್ದದ್ದು ಹಳೆಯ ಸಭಾಗೃಹದ ನಾಟಕದ ವೇದಿಕೆಯ ಮೇಲೆ. ಅಗಲವಾದ ಮರದ ಹಲಗೆಗಳ ವೇದಿಕೆ, ಕೆಳಗೆ ಟೊಳ್ಳು. ಅಲ್ಲಿ ನಾವು ಆಡುತ್ತಿದ್ದ ಆಟಕ್ಕೆ ಮಕ್ಕಳು ಇಟ್ಟ ಹೆಸರು ಖಾಲಿ ಮನೆ. ತೀನ್‌ತಾಲದ ಹದಿನಾರು ಮಾತ್ರೆಗಳಲ್ಲಿ ನಾಲ್ಕು ಮನೆ. ಮೂರು ಮನೆಗೆ ಚಪ್ಪಾಳೆ. ಒಂದು ಮನೆ ಖಾಲಿ, ಅಲ್ಲಿ ಚಪ್ಪಾಳೆ ಇಲ್ಲ, ಕೈ ಬಿಚ್ಚಿ ತೋರಿಸಬೇಕು. ತಬಲಾದಲ್ಲಿ ಖಾಲಿಯ ಗುರುತು ಎಡಗೈಯ ಡಗ್ಗಾ. ಉಳಿದ ಮನೆಗಳಲ್ಲಿ ಗುಮ್ಮೆನ್ನುವ ಅದರ ನಾದ ಖಾಲಿಯಲ್ಲಿ ನಿಲ್ಲುತ್ತದೆ, ಬಲಗೈಯ ಟಣಟಣ ಮಾತ್ರ ಉಳಿಯುತ್ತದೆ. ಎಣಿಸಿ ಹಿಡಿಯುವ ಮಕ್ಕಳನ್ನು ತಪ್ಪಿಸಲು ನಮ್ಮ ತಬಲಾದ ಮಾನೆ ಕಾಕಾ ಖಾಲಿ ಮನೆಯನ್ನು ಬೇಕೆಂದಾಗ ಬೇಕಾದಲ್ಲಿ ತರುತ್ತಿದ್ದರು. ನೋಡಿ ಹಿಡಿಯುವವರನ್ನು ತಪ್ಪಿಸಲು ಮಕ್ಕಳು ಅವರಿಗೆ ಬೆನ್ನು ಮಾಡಿ ಸಾಲಾಗಿ ಕೂರಬೇಕಿತ್ತು. ಮಾನೆ ಕಾಕಾ ಪಿಂಪ್ರಿಯ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸ ಮಾಡಿ ನಿವೃತ್ತರಾದವರು. ಹುಟ್ಟೂರು ಸೋಲಾಪುರದ ಕಡೆ, ಹಾಗಾಗಿ ಕನ್ನಡ, ಮರಾಠಿ ಎರಡೂ ಬಾಯಲ್ಲಿ ಬೆರೆತಿದ್ದವು.

ಈ ಆಟದಲ್ಲಿ ಬಹುಪಾಲು ಮಕ್ಕಳು ಖಾಲಿ ಮನೆಯಲ್ಲೂ ಚಪ್ಪಾಳೆ ಹೊಡೆದುಬಿಡುತ್ತಾರೆ. ಸದ್ದಿಗೆ ಕೈ ತಟ್ಟುವುದು ಸುಲಭ, ಸದ್ದು ಇಲ್ಲದ್ದನ್ನು ಹಿಡಿಯುವುದು ದೊಡ್ಡವರಿಗೂ ಕಷ್ಟ. ಅಂಬಿಕಾ ಚಪ್ಪಾಳೆ ಹೊಡೆಯುತ್ತಲೇ ಇರಲಿಲ್ಲ. ಎರಡೂ ಅಂಗೈಗಳನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಊರಿ ಕೂರುತ್ತಿದ್ದಳು. ಖಾಲಿ ಬಂದ ಕೂಡಲೇ ಅವಳ ಬಲಗೈ ಏಳುತ್ತಿತ್ತು, ಬೆರಳುಗಳು ಮೆಲ್ಲಗೆ ಬಿಚ್ಚಿಕೊಳ್ಳುತ್ತಿದ್ದವು. ಕಾಕಾ ಎಷ್ಟು ವಂಚಿಸಿದರೂ ಅವಳು ತಪ್ಪಲಿಲ್ಲ. ದಿನ ಕಳೆದಂತೆ ಅಕ್ಕಪಕ್ಕದ ಮಕ್ಕಳು ತಬಲಾ ಕೇಳುವುದನ್ನು ಬಿಟ್ಟು ಅವಳ ಕೈ ನೋಡಿ ತಮ್ಮ ಕೈ ಎತ್ತತೊಡಗಿದರು.

ಒಮ್ಮೆ ಆಟ ಮುಗಿದ ಮೇಲೆ ಕಾಕಾ ತಬಲಾಕ್ಕೆ ಬಟ್ಟೆ ಹೊದಿಸದೆ ಸುಮ್ಮನೆ ಕೂತಿದ್ದರು. “ಬಾಯಾರ, ಮೂವತ್ತು ವರ್ಷ ಆತು ನಾ ಬಾರಿಸ್ಲಿಕತ್ತು. ಈ ಪೋರಿಯಷ್ಟ ಪಕ್ಕಾ ಖಾಲಿ ಹಿಡ್ಯೋರ್ನ ನೋಡಿಲ್ಲ,” ಎಂದರು. ಅವರು ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ನಾನು ಹಾಡಿದರೆ ಕೂಡ ಠೀಕ್ ಅದ ಎನ್ನುವುದೇ ಅವರ ಪ್ರಶಸ್ತಿ.

ನಾಡಗೇರ ಬಾಯಿಯವರನ್ನು ಕರೆತಂದು ತೋರಿಸಿದೆ. ಬಾಗಿಲಲ್ಲಿ ನಿಂತು ನೋಡಿದರು. ಕೂಸು ದಡ್ಡ ಅಲ್ಲ ಎಂಬುದನ್ನು ಒಪ್ಪಿದರು, ಆದರೆ ಒಬ್ಬರೇ ತೀರ್ಮಾನ ಮಾಡಲು ಮನಸ್ಸಿಲ್ಲದೆ ಒಂದು ದಾರಿ ಹುಡುಕಿದರು. ಆ ವಾರ ಸಂಗೀತದ ತರಗತಿಗೆಂದೇ ಕಟ್ಟಿದ ಹೊಸ ಖೋಲಿಯ ಉದ್ಘಾಟನೆ ಇತ್ತು. ಅಲ್ಲಿ ಆಡಳಿತ ಮಂಡಳಿಯವರ ಮುಂದೆ ಹುಡುಗಿ ಇದೇ ಆಟ ಆಡಿ ತೋರಿಸಲಿ. ಅವರೂ ಒಪ್ಪಿದರೆ ಒಂದನೆಯ ಇಯತ್ತೆಯ ಯಾದಿಯಲ್ಲಿ ಹೆಸರು ಸೇರಿಸುತ್ತೇನೆ ಎಂದರು.

ಹೊಸ ಖೋಲಿ ಕಟ್ಟಿಸಿಕೊಟ್ಟವರು ಮಂಡಳಿಯ ಭಾಸ್ಕರ ಶೆಟ್ಟರು. ಕ್ಯಾಂಪಿನಲ್ಲಿ ಅವರ ಹೋಟೆಲು. ಮಕ್ಕಳ ಮೇಲೆ ನಿಜವಾದ ಪ್ರೀತಿ ಇದ್ದವರು. “ಆ ಹಳೇ ಹಲಗೆ ಮೇಲೆ ಇನ್ನೆಷ್ಟು ವರ್ಷ ಕೂರುದು ಮಾರಾಯ್ರೆ? ಗೆದ್ದಲು ಹಿಡ್ದಿದೆ, ಮೊಳೆ ಎದ್ದಿದೆ,” ಎಂದು ಕಾಂಕ್ರೀಟಿನ ಮೇಲೆ ಹೊಳೆಯುವ ಟೈಲ್ಸ್ ಹಾಕಿಸಿ, ಎರಡು ಫ್ಯಾನು ಕೊಡಿಸಿದ್ದರು. ನಾವೆಲ್ಲ ಸಂತೋಷವಾಗಿಯೇ ಒಪ್ಪಿದ್ದೆವು. ಆ ವೇದಿಕೆಯ ಮೊಳೆಗೆ ನನ್ನ ಎರಡು ಸೀರೆ ಹರಿದಿದ್ದವು.

ಉದ್ಘಾಟನೆಯ ದಿನ ಕಾಯಿ ಒಡೆದರು, ಪೇಡೆ ಹಂಚಿದರು. ಮರೆಮ್ಮ ಚಿಕ್ಕ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲ ಹೊರಗೆ ನಿಂತಿದ್ದಳು. ಕಾಕಾ ನುಡಿಸಲು ಶುರುಮಾಡಿದರು. ಅಂಬಿಕಾ ಎಂದಿನಂತೆ ಅಂಗೈಗಳನ್ನು ನೆಲಕ್ಕೆ ಊರಿದಳು. ಸ್ವಲ್ಪ ಹೊತ್ತಿನಲ್ಲಿ ಕೈ ಎತ್ತಿ ತನ್ನ ಅಂಗೈಗಳನ್ನೇ ನೋಡಿಕೊಂಡಳು. ಮತ್ತೆ ಊರಿದಳು. ಖಾಲಿ ಮನೆ ಬಂದು ಹೋಯಿತು, ಅವಳ ಕೈ ಏಳಲಿಲ್ಲ. ಅವಳ ಕೈ ಏಳುವುದನ್ನು ಕಾಯುತ್ತಿದ್ದ ಇಡೀ ಸಾಲಿನ ಒಂದು ಕೈಯೂ ಏಳಲಿಲ್ಲ. ಮುಂದಿನ ಖಾಲಿಗೆ ಒಂದಿಬ್ಬರು ಅಂದಾಜಿನಲ್ಲಿ ಎತ್ತಿದರು, ಉಳಿದವರು ಚಪ್ಪಾಳೆ ಹೊಡೆದರು. ಅಂಬಿಕಾ ಟೈಲ್ಸಿನ ಮೇಲೆ ಅಂಗೈಯಿಂದ ತಟ್ಟಿದಳು, ಮುಚ್ಚಿದ ಬಾಗಿಲು ತಟ್ಟುವ ಹಾಗೆ.

ಶೆಟ್ಟರು ನಕ್ಕು, ಮಕ್ಕಳಲ್ಲವೇ, ಜನ ನೋಡಿ ಹೆದರಿದ್ದು ಎಂದು ಎಲ್ಲರಿಗೂ ಇನ್ನೊಂದು ಸುತ್ತು ಪೇಡೆ ಕೊಡಿಸಿದರು. ನಾಡಗೇರ ಬಾಯಿ ನಗಲಿಲ್ಲ. ನನ್ನನ್ನು ಬದಿಗೆ ಕರೆದು, “ನನಗ ಇದ್ದ ಒಂದ ಆಧಾರ ಇದಾಗಿತ್ತು. ಈಗ ಏನಂತ ಬರೀಲಿ, ನೀವ ಹೇಳ್ರಿ,” ಎಂದರು. ಯಾದಿ ಕಳಿಸಲು ಇನ್ನು ಕೆಲವೇ ದಿನಗಳಿದ್ದವು. ಮರೆಮ್ಮ ಮಗಳ ಕೈ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

“ನಾಳಿಂದ ಕಳಸಬ್ಯಾಡೇನ್ರಿ ಅಕ್ಕೋರ?”

ನಾಳೆ ಕಳಿಸು, ಸ್ವಲ್ಪ ಬೇಗ ಕಳಿಸು ಎಂದೆ.

ಆ ಸಂಜೆ ಮನೆಗೆ ಹೋಗುತ್ತ ನಾನು ಕಂಡದ್ದನ್ನು ಒಂದು ಕಡೆ, ಊಹೆಯನ್ನು ಇನ್ನೊಂದು ಕಡೆ ಇಟ್ಟು ನೋಡಿದೆ. ಹುಡುಗಿ ಹೆದರಿದಳು ಎಂಬುದು ಊಹೆ. ಕಂಡದ್ದು, ಅವಳು ಜನರ ಕಡೆ ತಿರುಗಿಯೂ ನೋಡಿರಲಿಲ್ಲ. ನೋಡಿದ್ದು ತನ್ನ ಅಂಗೈ, ತಟ್ಟಿದ್ದು ನೆಲ. ಹುಡುಗಿ ಅದೇ, ತಬಲಾ ಅದೇ, ನುಡಿಸಿದವರೂ ಅವರೇ. ಬದಲಾಗಿದ್ದದ್ದು ನೆಲ ಒಂದೇ.

ಮರುದಿನ ಬೆಳಗ್ಗೆ ಹಳೆಯ ವೇದಿಕೆಗೆ ಹೋದೆವು. ಒಂದು ಸಲಕ್ಕೆ ಒಂದನ್ನೇ ಬದಲಿಸೋಣ ಎಂದು ಕಾಕಾಗೆ ಹೇಳಿದೆ. ಮೊದಲು ಎಲ್ಲವೂ ಹಿಂದಿನಂತೆ. ಅಂಬಿಕಾ ಬೆನ್ನು ಮಾಡಿ ಕೂತಳು, ಪ್ರತಿ ಖಾಲಿಯನ್ನೂ ಹಿಡಿದಳು. ಆಮೇಲೆ ಕಾಕಾ ವೇದಿಕೆ ಇಳಿದು ಕೆಳಗೆ ಕಲ್ಲಿನ ನೆಲದ ಮೇಲೆ ತಬಲಾ ಇಟ್ಟುಕೊಂಡು, ಅವಳಿಗೆ ಅಷ್ಟೇ ಹತ್ತಿರದಲ್ಲಿ, ಅಷ್ಟೇ ಜೋರಾಗಿ ನುಡಿಸಿದರು. ಅವಳ ಕೈ ಏಳಲಿಲ್ಲ. ಮತ್ತೆ ವೇದಿಕೆ ಹತ್ತಿದರು, ಆದರೆ ಈ ಸಲ ಮಡಚಿದ ದಪ್ಪ ಗಾದಿಯ ಮೇಲೆ ಡಗ್ಗಾ ಇಟ್ಟರು. ಕೈ ಏಳಲಿಲ್ಲ. ಗಾದಿ ತೆಗೆದರು. ಎದ್ದಿತು.

ನಾನು ಶಾಲೆಯ ಗಂಟೆಯ ಹಿತ್ತಾಳೆ ತಟ್ಟೆಯನ್ನು ತಂದು ಅವಳ ಬೆನ್ನ ಹಿಂದೆ ಎತ್ತಿ ಹಿಡಿದು ಬಾರಿಸಿದೆ. ಅಂಗಳದಲ್ಲಿದ್ದ ಮಕ್ಕಳು ಕೂಡ ಕಿಟಕಿಯ ಕಡೆ ತಿರುಗಿದರು. ಅಂಬಿಕಾ ತಿರುಗಲಿಲ್ಲ. ಹಲಗೆಯ ಮೇಲೆ ಅಂಗೈ ಊರಿಕೊಂಡು, ಕಾಕಾ ಮುಂದಿನ ಆವರ್ತನ ಯಾವಾಗ ಶುರುಮಾಡುತ್ತಾರೆ ಎಂದು ಕಾಯುತ್ತಿದ್ದಳು.

ಕಾಕಾ ಒಂದು ಕೈಯಿಂದ ಡಗ್ಗಾ ತಟ್ಟಿ, ಇನ್ನೊಂದು ಅಂಗೈಯನ್ನು ಹಲಗೆಗೆ ಆನಿಸಿ ನೋಡಿದರು. ಬಹಳ ಹೊತ್ತು ಆ ಕೈ ತೆಗೆಯಲಿಲ್ಲ. “ಇಲ್ಲಿ ಬರ್ತದ ಬಾಯಾರ,” ಎಂದು ಮಾತ್ರ ಹೇಳಿದರು.

ಎಷ್ಟೋ ವರ್ಷ ತಾಲ ಕಲಿಸಿದ ನನಗೆ ಆ ಬೆಳಗ್ಗೆ ಕಾಲಡಿಯ ಹಲಗೆಯ ಬಗ್ಗೆ ಒಂದು ಬಗೆಯ ಭಯಭಕ್ತಿ ಹುಟ್ಟಿತು. ಖಾಲಿ ಎಂದರೆ ಏನು ಎಂದು ನಾನು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳುತ್ತಿದ್ದೆ. ಈ ಹುಡುಗಿಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಕೇಳಿಸುತ್ತಿರಲಿಲ್ಲ. ನೆಲದ ನಡುಕ ನಿಂತಾಗ ಅಲ್ಲೊಂದು ಮನೆ ಬಂತು ಎಂದು ಅವಳು ತಾನೇ ಕಂಡುಕೊಂಡಿದ್ದಳು. ತಬಲಾದವರು ಖಾಲಿಯನ್ನು ಗುರುತಿಸುವುದೂ ಡಗ್ಗಾ ನಿಲ್ಲುವುದರಿಂದಲೇ. ಬಲಗೈಯ ಸದ್ದು ಉಳಿದ ಮಕ್ಕಳ ದಾರಿ ತಪ್ಪಿಸುತ್ತಿತ್ತು. ಅವಳ ಅಂಗೈಗೆ ತಲುಪುತ್ತಿದ್ದದ್ದು ಡಗ್ಗಾ ಒಂದೇ. ಶೆಡ್ಡಿನ ಪತ್ರಾ ಬಡಿದರೆ ತಿರುಗುತ್ತಿದ್ದದ್ದೂ ಹೀಗೆಯೇ ಇರಬೇಕು. ಇದು ನನ್ನ ಊಹೆ.

ಎರಡು ದಿನ ಬಿಟ್ಟು ಮರೆಮ್ಮನ ಜೊತೆ ಅವಳನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದೆ. ಕಿವಿ ತೀರಾ ಕಡಿಮೆ ಕೇಳುತ್ತದೆ ಎಂದು ಪರೀಕ್ಷೆ ಮಾಡಿದ ಡಾಕ್ಟರು ಹೇಳಿದರು. ಯಂತ್ರ ಹಾಕಿದರೆ ಸ್ವಲ್ಪ ಅನುಕೂಲವಾದೀತು, ಅದಕ್ಕೆ ಅರ್ಜಿ ಕೊಡಿ, ಬರಲು ತಿಂಗಳುಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಮಗು ಶಾಲೆ ಬಿಡಬಾರದು ಎಂದರು. ಮರೆಮ್ಮ ರಿಕ್ಷಾ ಇಳಿಯುವಾಗ, “ಇಷ್ಟ ದಿನ ನಾ ಜೋಗುಳ ಹಾಡೀನಲ್ರಿ,” ಎಂದಳು. ಎದೆಗೆ ಅವಚಿಕೊಂಡೇ ಹಾಡಿದ್ದಲ್ಲವಾ ಎಂದು ಕೇಳಿದೆ. ಹೌದು ಎಂದಳು. ಹಾಗಾದರೆ ಮುಟ್ಟಿರುತ್ತದೆ ಎಂದೆ.

ಡಾಕ್ಟರ ಮಾತಿನಿಂದ ನಾಡಗೇರ ಬಾಯಿಯವರ ಕಷ್ಟ ಕಡಿಮೆಯಾಗಲಿಲ್ಲ, ಹೆಚ್ಚಿತು. ಕಿವಿ ಕೇಳದ ಮಕ್ಕಳ ಶಾಲೆ ಪಿಂಪ್ರಿ-ಚಿಂಚವಾಡದ ಆಚೆ. ಅಷ್ಟು ದೂರ ದಿನವೂ ಯಾರು ಕರೆದೊಯ್ಯಬೇಕು? ನಮ್ಮಲ್ಲೇ ಇಟ್ಟುಕೊಂಡರೆ ಕಲಿಸುವವರು ಯಾರು? ಅವರು ಕಲ್ಲೆದೆಯವರಲ್ಲ, ಮಕ್ಕಳನ್ನು ಸೇರಿಸಿಕೊಂಡು ಮೂಲೆಯಲ್ಲಿ ಕೂರಿಸುವುದನ್ನು ಒಪ್ಪದವರು. “ನನ್ನ ವರ್ಗದಾಗ ಆಕಿ ಐದು ವರ್ಷ ಸುಮ್ಮ ಕುಂತ್ರ ಅದು ಕಲಿಸಿದಂಗಾ? ಕಿವಿಲೇ ಕಲಸೂದ ಬಿಟ್ಟು ನಮಗ ಬ್ಯಾರೆ ಏನ್ ಗೊತ್ತದ?” ಎಂದು ಕೇಳಿದರು. ಯಾದಿಗೆ ಸಹಿ ಹಾಕುವ ಮುನ್ನ ಒಂದು ಸಲ ವೇದಿಕೆಗೆ ಬನ್ನಿ ಎಂದಷ್ಟೇ ಕೇಳಿಕೊಂಡೆ.

ಅವರು ಬಂದದ್ದು ಸಣ್ಣ ಬಿಡುವಿನ ಹೊತ್ತಿಗೆ. ಸಭಾಗೃಹದ ಕಿಟಕಿಗಳ ಹೊರಗೆ ಇಡೀ ಶಾಲೆ ಕಿರುಚಾಡುತ್ತಿತ್ತು. ಮಾನೆ ಕಾಕಾ ವೇದಿಕೆಯ ಆ ತುದಿಗೆ ಹೋಗಿ ಕೂತು, ಬಲಗೈ ಮಡಿಲಲ್ಲಿಟ್ಟುಕೊಂಡು, ಡಗ್ಗಾವನ್ನು ಮಾತ್ರ ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಆ ಗದ್ದಲದಲ್ಲಿ ನನಗೆ ಅದು ಚೂರೂ ಕೇಳಿಸುತ್ತಿರಲಿಲ್ಲ. ಈ ತುದಿಯಲ್ಲಿ ಬೆನ್ನು ಮಾಡಿ ಕೂತಿದ್ದ ಅಂಬಿಕಾಳ ಕೈ ಎದ್ದಿತು, ಬೆರಳು ಬಿಚ್ಚಿಕೊಂಡವು. ಕಾಕಾ ದೂರದಿಂದ ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎದ್ದಿತು. ಕಾಕಾ ಮತ್ತೆ ತಲೆಯಾಡಿಸಿದರು.

ನಾಡಗೇರ ಬಾಯಿ ಚಪ್ಪಲಿ ಬಿಟ್ಟು ವೇದಿಕೆ ಹತ್ತಿದರು. ಮಂಡಿನೋವಿನವರು, ನೆಲಕ್ಕೆ ಕೂರುವುದು ಕಷ್ಟ. ಅಂಬಿಕಾಳ ಪಕ್ಕದಲ್ಲಿ ಕೂತು ತಾವೂ ಕಾಕಾಗೆ ಬೆನ್ನು ಮಾಡಿದರು. ಕಿವಿಗೊಟ್ಟು ಕೇಳಲು ನೋಡಿದರು. ಒಮ್ಮೆ ಅಂದಾಜಿನಲ್ಲಿ ಕೈ ಎತ್ತಿದರು. ತಪ್ಪು. ಅಂಬಿಕಾ ಆ ಕೈಯನ್ನು ನೋಡಿದಳು, ಆಮೇಲೆ ಅವರ ಮುಖ ನೋಡಿದಳು. ದೊಡ್ಡಕ್ಕೋರ ಮುಂದೆ ಮಕ್ಕಳು ಉಸಿರು ಬಿಗಿಹಿಡಿದು ನಿಲ್ಲುವುದನ್ನು ನಾನು ಕಂಡವಳು. ಈ ಹುಡುಗಿ ಅವರ ಮಣಿಕಟ್ಟು ಹಿಡಿದು ಕೈಯನ್ನು ಕೆಳಗೆ ತಂದಳು. ಹಲಗೆಯ ಮೇಲೆ ಇಟ್ಟಳು. ಬೆರಳ ತುದಿ ಮಾತ್ರ ತಾಗಿದ್ದು ಸಾಲದೆಂದು ಅಂಗೈಯನ್ನು ಚಪ್ಪಟೆ ಮಾಡಿ, ಅದರ ಮೇಲೆ ತನ್ನ ಅಂಗೈ ಇಟ್ಟು ಒತ್ತಿದಳು.

ನಾಡಗೇರ ಬಾಯಿ ಕಣ್ಣು ಮುಚ್ಚಿದರು. ಕೆಲವು ಆವರ್ತನಗಳು ಹೋದವು. ಎಷ್ಟು ಎಂದು ನಾನು ಎಣಿಸಲಿಲ್ಲ. ಆಮೇಲೆ ಒಂದು ಕಡೆ ಅವರ ಹುಬ್ಬು ಚೂರು ಮೇಲಕ್ಕೆ ಹೋಯಿತು, ಅದೇ ಹೊತ್ತಿಗೆ ಎರಡು ಕೈಗಳೂ ಒಟ್ಟಿಗೆ ಎದ್ದವು, ದೊಡ್ಡದು, ಅದರ ಮೇಲೆ ಸಣ್ಣದು. ಎರಡೂ ಬಿಚ್ಚಿಕೊಂಡವು. ಆ ತುದಿಯಲ್ಲಿ ಮಾನೆ ಕಾಕಾ ತಟ್ಟುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಬಿಡುವು ಮುಗಿದ ಗಂಟೆ ಹೊಡೆಯಿತು. ನಾಡಗೇರ ಬಾಯಿ ಏಳಲಿಲ್ಲ. ಕೂತಲ್ಲಿಂದಲೇ ವೇದಿಕೆಯ ಉದ್ದ ಅಗಲ ನೋಡಿದರು.

“ಒಂದನೇ ಇಯತ್ತೆದ ಮಕ್ಕಳು ಇಲ್ಲಿ ಹಿಡಿತಾರೇನ್ರಿ?”

ಹಿಡಿಯುತ್ತಾರೆ ಎಂದೆ.

“ಬೆಂಚ ಬ್ಯಾಡ. ಎಲ್ಲಾರೂ ನೆಲಕ್ಕ ಕೂಡ್ಲಿ. ಅಕ್ಷರ ಬರಸೂಮುಂದ ಮಾಸ್ತರ ಹಲಗಿ ಬಡದು ಹೇಳ್ಲಿ, ನೋಡೂಣು ಏನಾಗತದ. ಎದ್ದ ಮೊಳಿ ಇವತ್ತ ಬಡಸ್ರಿ.”

ಶೆಟ್ಟರು ಕೊಟ್ಟ ಹೊಸ ಖೋಲಿಗೆ ಏನು ಹೇಳುವುದು ಎಂದು ಕೇಳಿದೆ. ಅವರು ಮಂಡಿ ಹಿಡಿದುಕೊಂಡು ನಿಧಾನಕ್ಕೆ ಏಳುತ್ತ, “ಅದು ನನ್ನ ಆಫೀಸು. ಫ್ಯಾನ್ ಭಾಳ ಚಲೋ ಅದಾವು,” ಎಂದರು.

ಮಧ್ಯಾಹ್ನ ಬಾಲವಾಡಿ ಬಿಡುವ ಹೊತ್ತಿಗೆ ಮರೆಮ್ಮ ಬಂದಳು. ಕೈಗೆ ಮೆತ್ತಿದ ಸಿಮೆಂಟು ಒಣಗಿತ್ತು, ತೊಳೆದುಕೊಳ್ಳಲು ಪುರುಸೊತ್ತಾಗಿರಲಿಲ್ಲ. ನಾಡಗೇರ ಬಾಯಿ ತಾವೇ ಗೇಟಿನವರೆಗೆ ಹೋದರು. ಜೂನ್ ತಿಂಗಳಿಂದ ಮಧ್ಯಾಹ್ನ ಬರುವುದು ಬೇಡ, ಸಂಜೆ ಬಾ ಎಂದರು. ಮರೆಮ್ಮನಿಗೆ ಅರ್ಥವಾಗಲಿಲ್ಲ. ಮಗಳನ್ನು ಬಿಡಿಸಿಯೇಬಿಟ್ಟರು ಎಂದುಕೊಂಡಳೋ ಏನೋ, ಅಂಬಿಕಾಳ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.

“ಸಂಜೀ ತನಕ ಎಲ್ಲಿರತಾಳ್ರಿ ಆಕಿ?”

“ಇಲ್ಲೇ ಇರತಾಳವಾ. ಒಂದನೇದಾಗ.”